ಹಾಡಿ ಹೇಳುವ ಕವಿ: ಚಂದ್ರಶೇಖರ ಕಂಬಾರರ ಕಾವ್ಯವಾಚನದ ಧ್ವನಿಮುದ್ರಣಗಳು ಮತ್ತು ಬೆಳಗಾವಿ ಸೀಮೆಯ ಸಂಗೀತ

ಚಂದ್ರಶೇಖರ ಕಂಬಾರರ (ಜನನ: 2 ಜನವರಿ 1937) ಕಾವ್ಯವಾಚನ ಬಹುಮಟ್ಟಿಗೆ ಕಾವ್ಯಗಾಯನವೇ. ತಾವು ಬರೆದ ಪದ್ಯಕ್ಕೆ ತಾವೇ ಧಾಟಿ ಕಟ್ಟಿ, ಪಕ್ಕವಾದ್ಯದ ಹಂಗಿಲ್ಲದೆ, ತುಂಬು ಕಂಠದಲ್ಲಿ ಹಾಡಿ ಹೇಳುವ ಕವಿಗಳು ಆಧುನಿಕ ಕನ್ನಡದಲ್ಲಿ ವಿರಳ. ಆಕಾಶವಾಣಿ, ದೂರದರ್ಶನ, ಸಾಹಿತ್ಯ ಸಮ್ಮೇಳನಗಳ ವೇದಿಕೆ, ಸಂದರ್ಶನ, ಚಲನಚಿತ್ರಗಳ ಮೂಲಕ ಆರು ದಶಕಗಳಲ್ಲಿ ಅವರ ದನಿ ಹಲವು ರೀತಿಯಲ್ಲಿ ಮುದ್ರಣಗೊಂಡಿದೆ. ಈ ಧ್ವನಿಮುದ್ರಣಗಳನ್ನು ಅವರ ಪುಸ್ತಕಗಳ ಜೊತೆಗಿಟ್ಟು ಕೇಳಿದರೆ, ಅಚ್ಚಿನಲ್ಲಿ ಕಾಣದ ಸಂಗತಿಯೊಂದು ಕಿವಿಗೆ ಬೀಳುತ್ತದೆ. ಪದ್ಯದ ಸಾಲು ಎಲ್ಲಿ ಮುರಿಯಬೇಕು, ಯಾವ ಸ್ವರ ಎಳೆಯಬೇಕು, ಎಲ್ಲಿ ಹಾಡು ನಿಂತು ಮಾತು ಶುರುವಾಗಬೇಕು ಎಂಬುದನ್ನೆಲ್ಲ ಬೆಳಗಾವಿ ಜಿಲ್ಲೆಯ ಲಾವಣಿ, ಸಣ್ಣಾಟ, ಚೌಡಿಕೆ ಪದಗಳ ಲಯ ಮೊದಲೇ ತೀರ್ಮಾನಿಸಿರುತ್ತದೆ. ಸಂಗೀತ ಅವರ ಕಾವ್ಯಕ್ಕೆ ಆಮೇಲೆ ತೊಡಿಸಿದ ಒಡವೆಯಾಗಿ ಬಂದುದಲ್ಲ; ಪದ್ಯ ಹುಟ್ಟುವಾಗಲೇ ಅದರ ಎಲುಬಿನಲ್ಲಿತ್ತು.

ಕಂಬಾರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ, ಕಮ್ಮಾರಿಕೆಯ ಮನೆತನದಲ್ಲಿ. ಗೋಕಾಕದಲ್ಲಿ ಶಾಲೆ, ಸಾವಳಗಿ ಮಠದ ಆಸರೆ, ಬೆಳಗಾವಿಯ ಲಿಂಗರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ: ಓದಿನ ದಾರಿ ಇದು. ಕೇಳ್ಮೆಯ ದಾರಿ ಬೇರೆ. ಬಯಲಾಟ, ಶ್ರೀಕೃಷ್ಣ ಪಾರಿಜಾತ, ಗೀಗೀ ಮೇಳ, ಭಜನೆ, ಬೀಸುವ ಪದಗಳ ನಡುವೆ ಬೆಳೆದ ಹುಡುಗನಿಗೆ ಕಥೆ ಮತ್ತು ಹಾಡು ಬೇರೆಬೇರೆಯಾಗಿ ಸಿಕ್ಕಲಿಲ್ಲ. ಪಾರಿಜಾತದ ಕುಲಗೋಡ ತಮ್ಮಣ್ಣ ಮತ್ತು ಕೌಜಲಗಿ ನಿಂಗಮ್ಮ ಇಬ್ಬರೂ ಗೋಕಾಕ ಸೀಮೆಯವರೇ. ಈ ಸೀಮೆಯ ಹಾಡಿನ ಪ್ರವಾಹದಲ್ಲಿ ಜಿಲ್ಲೆಯ ದಕ್ಷಿಣ ಮತ್ತು ಪೂರ್ವದ ನಾಲ್ಕು ನೆಲೆಗಳಿಗೆ, ಅಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ, ವಿಶೇಷ ಸ್ಥಾನವಿದೆ. ಕಂಬಾರರ ದನಿಯನ್ನು ಅರ್ಥಮಾಡಿಕೊಳ್ಳಲು ಆ ನಾಲ್ಕರ ಹಾಡುಗಳನ್ನೂ ಕೇಳಬೇಕು.

ಬೈಲಹೊಂಗಲದ ಹೆಸರು ಕಂಬಾರರ ಬರವಣಿಗೆಯೊಂದಿಗೆ ನೇರವಾಗಿಯೇ ಕೂಡಿಕೊಂಡಿದೆ. ಉತ್ತರ ಕರ್ನಾಟಕದ ಸಣ್ಣಾಟಗಳಲ್ಲಿ ಎಲ್ಲಕ್ಕಿಂತ ಜನಪ್ರಿಯವಾದ 'ಸಂಗ್ಯಾ ಬಾಳ್ಯಾ' ಇದೇ ಊರಿನ ಕಥೆ. ಶ್ರೀಮಂತ ತರುಣ ಸಂಗ್ಯಾ, ಅವನ ಜೀವದ ಗೆಳೆಯ ಬಾಳ್ಯಾ, ವ್ಯಾಪಾರಿ ಈರ್ಯಾ, ಅವನ ಹೆಂಡತಿ ಗಂಗಿ, ನಡುವೆ ಓಡಾಡುವ ಮುದುಕಿ ಪಾರಮ್ಮ. ಮೋಹ, ಗೆಳೆತನ, ಬೆನ್ನಿಗಿರಿಯುವ ದ್ರೋಹ, ಕೊನೆಗೆ ಕೊಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಿಜವಾಗಿ ನಡೆದ ಕೊಲೆಯೊಂದು ಮೊದಲು ಲಾವಣಿಯಾಗಿ ಹಬ್ಬಿತು, ಬಳಿಕ ಆಟವಾಗಿ ಬೆಳೆಯಿತು. ಆಟದ ಕರ್ತೃತ್ವವನ್ನು ಬೈಲಹೊಂಗಲದ ಪತ್ತಾರ ಮಾಸ್ತರರಿಗೆ ಸಲ್ಲಿಸುವುದು ರೂಢಿ. ಕಂಬಾರರು ಈ ಆಟವನ್ನು ಸಂಪಾದಿಸಿ 1966ರಲ್ಲಿ ಪ್ರಕಟಿಸಿದರು. ಅವರ ಮೊದಲ ಪ್ರಸಿದ್ಧ ಕಾವ್ಯ 'ಹೇಳತೇನ ಕೇಳ' ಬಂದು ಆಗ ಎರಡೇ ವರ್ಷವಾಗಿತ್ತು. ಹೀಗಾಗಿ ಕವಿಯ ಕೆಲಸ ಮತ್ತು ಸಂಗ್ರಾಹಕನ ಕೆಲಸ ಆರಂಭದಿಂದಲೇ ಒಂದೇ ಕೈಯಲ್ಲಿ ನಡೆದವು. 'ಬಣ್ಣಿಸಿ ಹಾಡವ್ವ ನನ ಬಳಗ' (1968), 'ಬಯಲಾಟಗಳು' (1973), 'ಉತ್ತರ ಕರ್ನಾಟಕದ ಜನಪದ ರಂಗಭೂಮಿ' (1980), ಅವರ ಸಂಪಾದಕತ್ವದ 'ಕನ್ನಡ ಜಾನಪದ ವಿಶ್ವಕೋಶ' (1985) ಆ ಕೆಲಸದ ಮುಂದುವರಿಕೆ.

ಸಣ್ಣಾಟದ ಹಾಡಿನ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಾತ್ರಧಾರಿ ತನ್ನ ಮಾತನ್ನು ಮೊದಲು ಹಾಡುತ್ತಾನೆ. ಹಾಡಿನ ಕೊನೆಯ ಸಾಲನ್ನು ಹಿಂದೆ ನಿಂತ ಮೇಳದವರು ಎತ್ತಿಕೊಂಡು, ಹಾರ್ಮೋನಿಯಂ, ತಬಲಾ, ತಾಳಗಳ ಜೊತೆ ಗತ್ತು ಏರಿಸಿ, ಒಮ್ಮೆಲೇ ನಿಲ್ಲಿಸುತ್ತಾರೆ. ಆ ನಿಲುಗಡೆಯಲ್ಲಿ ಪಾತ್ರಧಾರಿ ಅದೇ ವಿಷಯವನ್ನು ಆಡುಮಾತಿನಲ್ಲಿ, ಕೆಲವೊಮ್ಮೆ ನಗೆಚಾಟಿಕೆಯೊಂದಿಗೆ, ಮತ್ತೆ ಹೇಳುತ್ತಾನೆ. ಹಾಡು ಭಾವವನ್ನು ಎತ್ತಿ ಹಿಡಿದರೆ ಮಾತು ಅದನ್ನು ನೆಲಕ್ಕೆ ತಂದು ಅರ್ಥ ಬಿಡಿಸುತ್ತದೆ. ಕಂಬಾರರ ವಾಚನದ ನಡೆಯೂ ಇದೇ. ನಾಲ್ಕೆಂಟು ಸಾಲು ಹಾಡಿ, ಇದ್ದಕ್ಕಿದ್ದಂತೆ ಧಾಟಿಯನ್ನು ಕೈಬಿಟ್ಟು ಊರ ಚಾವಡಿಯಲ್ಲಿ ಕೂತವರಂತೆ ಮಾತಿಗಿಳಿಯುತ್ತಾರೆ. ಮತ್ತೆ ಯಾವ ಸೂಚನೆಯೂ ಇಲ್ಲದೆ ಹಾಡಿಗೆ ಏರುತ್ತಾರೆ. ಮೇಳವಿಲ್ಲದ ಕಡೆ ಪಲ್ಲವಿಯನ್ನು ಅವರೇ ಎರಡು ಬಾರಿ ಹೇಳಿ ಮೇಳದ ಜಾಗವನ್ನೂ ತುಂಬುತ್ತಾರೆ. ಪುಸ್ತಕದಲ್ಲಿ ಒಮ್ಮೆ ಮಾತ್ರ ಅಚ್ಚಾದ ಸಾಲು ದನಿಯಲ್ಲಿ ಎರಡು ಬಾರಿ ಬರುವುದಕ್ಕೆ ಕಾರಣ ಇದು. ಸಣ್ಣಾಟವನ್ನು ಕೇಳಿ ಬಲ್ಲವರಿಗೆ ಅದು ಕಟ್ಟುನಿಟ್ಟಾದ ನಿಯಮವಾಗಿ ಕೇಳಿಸುತ್ತದೆ, ಕೇಳದವರಿಗೆ ಹಾಡುವವನ ಲಹರಿಯಂತೆ ತೋರಬಹುದು.

ಕಿತ್ತೂರಿನ ಕೊಡುಗೆ ವೀರಗಾಥೆಯದು. 1824ರಲ್ಲಿ ಕಿತ್ತೂರು ಸಂಸ್ಥಾನ ಬ್ರಿಟಿಷರೊಂದಿಗೆ ಹೋರಾಡಿತು. ಆ ಅಕ್ಟೋಬರಿನ ಕದನದಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದ. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಲ್ಲಿಯೇ ಇದೆ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ಬಂಡೆದ್ದು, ಹಿಡಿಸಿಕೊಟ್ಟವರ ಮೋಸಕ್ಕೆ ಸಿಕ್ಕಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಈ ಸುದ್ದಿ ಪತ್ರಿಕೆಗಳಿಲ್ಲದ ಕಾಲದಲ್ಲಿ ಹಾಡಾಗಿಯೇ ಊರೂರು ಸುತ್ತಿತು. ಶಾಸನತಜ್ಞರಾದ ಜಾನ್ ಫೇತ್‌ಫುಲ್ ಫ್ಲೀಟ್ 1885ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ದಂಗೆಯ ಹಾಡು, ಹಲಗಲಿ ಬೇಡರ ಹಾಡು, ಸಂಗ್ಯಾನ ಕೊಲೆಯ ಹಾಡು ಮೂರೂ ಇವೆ. ಒಬ್ಬ ಬಂಡಾಯಗಾರ, ಒಂದು ಊರಿನ ಪ್ರತಿಭಟನೆ, ಒಬ್ಬ ವ್ಯಭಿಚಾರಿಯ ಸಾವು: ಲಾವಣಿಕಾರನಿಗೆ ಮೂರೂ ಒಂದೇ ಧಾಟಿಯಲ್ಲಿ ಹೇಳಬಹುದಾದ ವಸ್ತುಗಳಾಗಿದ್ದವು. ಕನ್ನಡದ ಹಾಡುಗಬ್ಬದ ಅಧ್ಯಯನದಲ್ಲಿ ಫ್ಲೀಟರ ಸಂಗ್ರಹ ಬೆಲೆಬಾಳುವಂಥದು. ಧ್ವನಿಮುದ್ರಣ ಯಂತ್ರ ಬರುವ ಮೊದಲಿನ ಕೇಳ್ಮೆಗೆ ಅದು ಅಕ್ಷರದ ಸಾಕ್ಷಿ.

ಲಾವಣಿ ಮತ್ತು ಗೀಗೀ ಪದದ ಮೇಳ ಚಿಕ್ಕದು. ಮುಂದಾಳು ದಪ್ಪು ಹಿಡಿದು ಹಾಡಿದರೆ, ಇನ್ನೊಬ್ಬ ತುಂತುಣಿ ಮಿಡಿಯುತ್ತಾನೆ, ಮತ್ತೊಬ್ಬ ತಾಳ ಹಾಕುತ್ತಾನೆ. ಸಾಲು ಮುಗಿದಲ್ಲಿ ಹಿಂದಿನವರು 'ಗೀಯ ಗಾ' ಎಂದು ದನಿ ಏರಿಸಿ ಸಾಲಿನ ಬಾಲವನ್ನು ಎಳೆಯುತ್ತಾರೆ. ಕಲ್ಗಿ ಮತ್ತು ತುರಾ, ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಂಗಡಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂದು ರಾತ್ರಿಯಿಡೀ ಸವಾಲ್-ಜವಾಬ್ ನಡೆಸುವುದು ರೂಢಿ. ಈ ಪೈಪೋಟಿ ಹಾಡುಗಾರನಿಗೆ ಎರಡು ಗುಣಗಳನ್ನು ಕಲಿಸುತ್ತದೆ. ಮೊದಲನೆಯದು, ಎದುರಿಗಿರುವವರನ್ನು ಕರೆದು ನಿಲ್ಲಿಸಿ ಹೇಳುವ ಗತ್ತು. ಎರಡನೆಯದು, ಹಾಡುತ್ತಲೇ ಮುಂದಿನ ಸಾಲನ್ನು ಹೊಂದಿಸಿಕೊಳ್ಳುವ ಚುರುಕು. ಕಂಬಾರರ 'ಹೇಳತೇನ ಕೇಳ' (1964) ಆ ಗತ್ತಿನಿಂದಲೇ ತೊಡಗುತ್ತದೆ. ಶಿವಾಪುರವೆಂಬ ಊರು, ಗೌಡನ ರೂಪ ತಾಳಿ ಊರು ಸೇರುವ ರಾಕ್ಷಸ, ಬಂಜೆತನಕ್ಕೆ ತಿರುಗುವ ನೆಲ ಎಂಬ ಕಥೆಯನ್ನು ಅದು ಲಾವಣಿಕಾರನ ಬಾಯಿಂದ ಹೇಳಿಸುತ್ತದೆ. 1970ರ 'ಋಷ್ಯಶೃಂಗ' ಅದೇ ಶಿವಾಪುರವನ್ನು ನಾಟಕವಾಗಿ ಮುಂದುವರಿಸಿತು.

ಆ ಕಾವ್ಯ ಬಂದ ಕಾಲವನ್ನು ನೆನೆದರೆ ಅದರ ಧೈರ್ಯ ತಿಳಿಯುತ್ತದೆ. 1960ರ ದಶಕ ಕನ್ನಡದಲ್ಲಿ ನವ್ಯದ ಉಚ್ಛ್ರಾಯದ ಕಾಲ. ಗೋಪಾಲಕೃಷ್ಣ ಅಡಿಗರ ನಂತರ ಪದ್ಯ ಗೇಯತೆಯನ್ನು ಬಿಟ್ಟು ಮಾತಿನ ಲಯಕ್ಕೆ ಹೊರಳಿತ್ತು. ಕವಿ ಹಾಡುವುದು ಹಿಂದಿನ ತಲೆಮಾರಿನ ಅಭ್ಯಾಸವೆಂಬ ಅಭಿಪ್ರಾಯ ಬಲವಾಗಿತ್ತು. ಅಂಥ ಹೊತ್ತಿನಲ್ಲಿ ಕಂಬಾರರು ಸಭೆಯಲ್ಲಿ ನಿಂತು ಹಾಡಿದರು. ಹಾಡಿದ ವಸ್ತು ಮಾತ್ರ ನವೋದಯದ ಒಲವು ಗೆಲುವಿನದಾಗಿರಲಿಲ್ಲ. ಊಳಿಗಮಾನ್ಯದ ಕ್ರೌರ್ಯ, ಲೈಂಗಿಕತೆ, ಪಾಳು ಬೀಳುವ ಹಳ್ಳಿ, ನಂತರದ ಪದ್ಯಗಳಲ್ಲಿ ಮಾವೋನಂಥ ದೂರದೇಶದ ನಾಯಕ ಕೂಡ ಆ ಧಾಟಿಯೊಳಗೆ ಬಂದರು. ನವ್ಯದ ತಳಮಳವನ್ನು ಜನಪದದ ಗಂಟಲಿನಿಂದ ಹೊರಡಿಸಬಹುದೆಂದು ತೋರಿದ್ದು ಅವರ ದೊಡ್ಡ ಸಾಧನೆ. ಅಚ್ಚಿನಲ್ಲಿ ಓದಿದವರಿಗಿಂತ ಅವರ ಬಾಯಲ್ಲಿ ಕೇಳಿದವರಿಗೆ ಅದು ಬೇಗ ಹೊಳೆಯುತ್ತದೆ.

ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಬಂದುದು ಇನ್ನೊಂದು ನಾದ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳ ಭಕ್ತರು ಅಲ್ಲಿ ಕೂಡುತ್ತಾರೆ. 'ಉಧೋ ಉಧೋ' ಎಂಬ ಘೋಷದ ನಡುವೆ ಜೋಗತಿಯರು ಹಾಡುವ ಪದಗಳಿಗೆ ಚೌಡಿಕೆಯೇ ಆಧಾರ. ಕೊಳಗದಂಥ ಮರದ ಒಡಲು, ಒಂದು ಬದಿಗೆ ಬಿಗಿದ ಚರ್ಮ, ಅದರ ನಡುವಿನಿಂದ ಹೊರಟು ದಂಡಿಗೆಯ ತುದಿಗೆ ಕಟ್ಟಿದ ಒಂಟಿ ತಂತಿ. ಒಡಲನ್ನು ಕಂಕುಳಲ್ಲಿ ಅಮುಕಿ ಹಿಡಿದು ತಂತಿಯನ್ನು ಮೀಟುವಾಗ ಬಿಗಿತವನ್ನು ಹೆಚ್ಚುಕಡಿಮೆ ಮಾಡಿದರೆ ಸ್ವರ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಒಂದೇ ವಾದ್ಯ ಶ್ರುತಿಯನ್ನೂ ತಾಳವನ್ನೂ ಹಿಡಿಯುತ್ತದೆ. ಅದರ ಜಾರುನಾದ ಮನುಷ್ಯರ ನರಳಿಕೆಗೆ ಹತ್ತಿರ. ರೇಣುಕೆ, ಜಮದಗ್ನಿ, ಪರಶುರಾಮರ ಕಥೆಯನ್ನು ಹಾಡುವ ಜೋಗತಿ ತಾಯಿಯ ಶಿರಚ್ಛೇದದ ಘಟ್ಟಕ್ಕೆ ಬಂದಾಗ ತಂತಿಯ ನಾದವೂ ಗಂಟಲೂ ಒಂದೇ ಎತ್ತರದಲ್ಲಿ ಕೂಗುತ್ತವೆ.

ದೇವದಾಸಿ ಪದ್ಧತಿಯ ನೋವು ಈ ಹಾಡಿಗೆ ಅಂಟಿಕೊಂಡೇ ಇದೆ. ಹೆಣ್ಣುಮಕ್ಕಳನ್ನು ದೇವಿಯ ಹೆಸರಿನಲ್ಲಿ ಬಿಡುವುದನ್ನು ಕರ್ನಾಟಕ 1982ರ ಕಾಯಿದೆಯಿಂದ ನಿಷೇಧಿಸಿತು. ನಿಷೇಧ ಸರಿಯಾದುದು, ಅಗತ್ಯವಾದುದು. ಹಾಡಿನ ಪರಂಪರೆಯನ್ನು ಆ ಕಟ್ಟಳೆಯಿಂದ ಬಿಡಿಸಿ ಉಳಿಸಿಕೊಳ್ಳುವ ಕೆಲಸವನ್ನು ಜೋಗತಿ ಕಲಾವಿದರೇ ಮುಂದೆ ನಿಂತು ಮಾಡಿದ್ದಾರೆ. ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, 2021ರಲ್ಲಿ ಪದ್ಮಶ್ರೀ ಪಡೆದುದು ಆ ಹಾದಿಯ ಗುರುತುಗಳು. ಕಂಬಾರರಲ್ಲಿ ತಾಯಿ ದೇವತೆ ಮತ್ತೆ ಮತ್ತೆ ಬರುತ್ತಾಳೆ: 'ಕರಿಮಾಯಿ' ಕಾದಂಬರಿ, 'ಮಹಾಮಾಯಿ' ನಾಟಕ, ಶಿವಾಪುರದ ಪದ್ಯಗಳು. ದೇವಿಯ ಪ್ರಸಂಗ ಬಂದಾಗ ಅವರ ವಾಚನದ ದನಿ ಲಾವಣಿಯ ಗತ್ತನ್ನು ಬಿಟ್ಟು ಎಳೆದ, ಬಾಗಿದ ಸ್ವರಕ್ಕೆ ಹೊರಳುವುದುಂಟು. ಇದನ್ನು ಸವದತ್ತಿಯ ಒಂದೇ ಊರಿನ ಪ್ರಭಾವವೆಂದು ಕಟ್ಟಿಹಾಕುವುದು ಸರಿಯಾಗದು, ಏಕೆಂದರೆ ಯಲ್ಲಮ್ಮನ ಹಾಡು ಇಡೀ ಸೀಮೆಯ ಮನೆಮನೆಯ ಆಸ್ತಿ. ಆದರೆ ಅದರ ಒರತೆ ಆ ಗುಡ್ಡದಲ್ಲಿದೆ.

ಸವದತ್ತಿಗೆ, ಹಳೆಯ ಹೆಸರಿನಲ್ಲಿ ಪರಸಗಡ ತಾಲ್ಲೂಕಿಗೆ, ಸೇರಿದ ಮುರಗೋಡದಲ್ಲಿ 1911ರಲ್ಲಿ ಹುಟ್ಟಿದ ಹುಕ್ಕೇರಿ ಬಾಳಪ್ಪನವರಿಲ್ಲದೆ ಈ ವಿಷಯ ಪೂರ್ತಿಯಾಗದು. ಶಿಕ್ಷಕರೂ ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ಬಾಳಪ್ಪನವರು 'ಸಾವಿರ ಹಾಡಿನ ಸರದಾರ' ಎಂದೇ ಹೆಸರಾದವರು. ದೇಶಭಕ್ತಿಗೀತೆ, ತತ್ತ್ವಪದ, ಜನಪದ ಗೀತೆಗಳ ಜೊತೆಗೆ ಬೇಂದ್ರೆ, ಆನಂದಕಂದರಂಥ ಸಮಕಾಲೀನ ಕವಿಗಳ ರಚನೆಗಳನ್ನೂ ಅವರು ಹಳ್ಳಿಯ ಜನ ತಮ್ಮದೇ ಹಾಡೆಂದು ನಂಬುವಂತೆ ಹಾಡಿದರು. ಗೋಕಾಕ ತಾಲ್ಲೂಕಿನ ಬೆಟಗೇರಿಯ ಆನಂದಕಂದ (ಬೆಟಗೇರಿ ಕೃಷ್ಣಶರ್ಮ, 1900–1982) ಜಾನಪದ ಮಟ್ಟಿನಲ್ಲೇ 'ನಲ್ವಾಡುಗಳು' ಬರೆದವರು. ಆಕಾಶವಾಣಿಯ ಧಾರವಾಡ ಕೇಂದ್ರ 8 ಜನವರಿ 1950ರಂದು ಆರಂಭವಾದ ಮೇಲೆ ಬಾಳಪ್ಪನವರ ದನಿ ರೇಡಿಯೊ ಇದ್ದ ಊರಿಗೆಲ್ಲ ತಲುಪಿತು. ಕವಿಯ ಅಚ್ಚಾದ ಸಾಲು ಜಾನಪದ ಗಾಯಕನ ಬಾಯಿಗೆ ಬಂದು ಮತ್ತೆ ಜನರ ಕಿವಿಗೆ ಹೋದ ಈ ಸುತ್ತು ಕಂಬಾರರಿಗಿಂತ ಒಂದು ತಲೆಮಾರು ಹಿಂದೆಯೇ ನಡೆದಿತ್ತು. ಬಾಳಪ್ಪನವರು 1992ರಲ್ಲಿ ನಿಧನರಾದರು.

ರಾಮದುರ್ಗ 1948ರವರೆಗೆ ಮಲಪ್ರಭೆಯ ದಂಡೆಯ ಒಂದು ಪುಟ್ಟ ಸಂಸ್ಥಾನ. 'ತಿಲಾಂಜಲಿ', 'ಕುಸುಮಾಂಜಲಿ', 'ಚಿತ್ರಸೃಷ್ಟಿ'ಗಳ ಕವಿ ಸಾಲಿ ರಾಮಚಂದ್ರರಾಯರು (1888–1978) ಅಲ್ಲಿಯವರು. ಅದೇ ತಾಲ್ಲೂಕಿನ ಗೊಡಚಿಯ ವೀರಭದ್ರನ ಜಾತ್ರೆಯಲ್ಲಿ ಪುರವಂತರು ಹೇಳುವ ಒಡಪುಗಳು ಕಾವ್ಯವಾಚನದ ದೃಷ್ಟಿಯಿಂದ ಬಹಳ ಕುತೂಹಲದವು. ಒಡಪು ಪೂರಾ ಹಾಡೂ ಅಲ್ಲ, ಬರಿಯ ಮಾತೂ ಅಲ್ಲ. ದಕ್ಷಯಜ್ಞದ ಕಥೆಯನ್ನು, ವಚನಗಳನ್ನು ಪುರವಂತ ಒಂದೇ ಉಸಿರಿನಲ್ಲಿ, ಪ್ರಾಸ ಕುಟ್ಟುತ್ತ, ಕೈಯ ಕತ್ತಿಯನ್ನು ಆಡಿಸುತ್ತ ಹೇಳಿ, ಕೊನೆಯಲ್ಲಿ ಕೂಗಿ ನಿಲ್ಲುತ್ತಾನೆ. ನಿಂತ ಕೂಡಲೇ ಸಂಬಾಳ, ಕರಡಿ ವಾದ್ಯಗಳು ಮೊಳಗುತ್ತವೆ. ಸ್ವರ ಹೆಚ್ಚು ಏರಿಳಿಯುವುದಿಲ್ಲ, ಲಯವೇ ಎಲ್ಲ. ಕಂಬಾರರ ವಾಚನದಲ್ಲಿ ಹಾಡಿಗೂ ಮಾತಿಗೂ ನಡುವೆ ಕೇಳಿಬರುವ ಮೂರನೆಯ ದನಿಯೊಂದಿದೆ. ರಾಗ ಬಿಟ್ಟರೂ ತಾಳ ಬಿಡದ ದನಿ ಅದು. ಅದನ್ನು ವಿವರಿಸಲು ಒಡಪಿಗಿಂತ ಒಳ್ಳೆಯ ಹೋಲಿಕೆ ಈ ನೆಲದಲ್ಲಿ ಸಿಗದು.

ಬೆಳಗಾವಿ-ಧಾರವಾಡ ಸೀಮೆಯ ಕಿವಿಯಲ್ಲಿ ಜನಪದದ ಪಕ್ಕದಲ್ಲೇ ಹಿಂದೂಸ್ತಾನಿ ಸಂಗೀತವೂ ನೆಲೆಸಿತ್ತು. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಮೊದಲಾದವರು ವಚನಗಳನ್ನು ರಾಗಗಳಲ್ಲಿ ಹಾಡಿ ಮನೆಮಾತಾಗಿಸಿದರು. ನಾಟಕ ಕಂಪನಿಗಳ ರಂಗಗೀತೆ ಈ ಎರಡರ ನಡುವಿನ ಸೇತುವೆ. ಆದ್ದರಿಂದ ಸಣ್ಣಾಟದ ಹಾಡಿನಲ್ಲಿ ಪೀಲು, ಭೈರವಿಗಳ ನೆರಳು ಕಾಣಿಸಿದರೆ ಆಶ್ಚರ್ಯವಿಲ್ಲ. ಕಂಬಾರರ ಧಾಟಿಗಳಲ್ಲೂ ಅಂಥ ನೆರಳುಗಳಿವೆ. ಆದರೆ ಅವರು ರಾಗವಿಸ್ತಾರಕ್ಕೆ ಹೋಗುವವರಲ್ಲ. ಕಥೆ ಮುಂದೆ ಸಾಗಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು ಎಂಬ ಲಾವಣಿಕಾರನ ನಿಷ್ಠೆಯೇ ಅವರಲ್ಲಿ ಮೇಲುಗೈ.

ಕವಿಯ ಸ್ವಂತ ದನಿಗೆ ಕನ್ನಡದಲ್ಲಿ ದೊಡ್ಡ ಮಾದರಿ ಒದಗಿಸಿದವರು ದ.ರಾ. ಬೇಂದ್ರೆ (1896–1981). ಅವರ ವಾಚನದ ಧ್ವನಿಮುದ್ರಣಗಳು ಇಂದಿಗೂ ಜನ ಹುಡುಕಿ ಕೇಳುವಂಥವು. ಬೇಂದ್ರೆ ಪದ್ಯವನ್ನು ಹೇಳುತ್ತಲೇ ನಡುವೆ ವ್ಯಾಖ್ಯಾನಿಸುತ್ತಿದ್ದರು. ಕೈ, ಕಣ್ಣು, ದನಿ ಎಲ್ಲವೂ ನಾದದ ಅರ್ಥವನ್ನು ಬಿಡಿಸುವುದರಲ್ಲಿ ತೊಡಗುತ್ತಿದ್ದವು. ಧಾರವಾಡದವರೇ ಆದ ಚೆನ್ನವೀರ ಕಣವಿಯವರದು (1928–2022) ಇದಕ್ಕೆ ಪೂರಾ ಬೇರೆಯಾದ, ಸೌಮ್ಯವಾದ ಓದು. ಬೇಂದ್ರೆಗೂ ಕಂಬಾರರಿಗೂ ಲಾವಣಿಯ ಋಣ ಸಮಾನ, ಆದರೆ ಬಳಕೆಯಲ್ಲಿ ವ್ಯತ್ಯಾಸವಿದೆ. ಬೇಂದ್ರೆಯವರಲ್ಲಿ ಲಾವಣಿಯ ಲಯ ಚಿಕ್ಕ ಭಾವಗೀತೆಯೊಳಗೆ ಮಡಚಿಕೊಂಡು ಕೂತಿದೆ. ಓದುವಾಗ ಅವರು ಅದನ್ನು ಒಂದೊಂದೇ ಪದರ ಬಿಚ್ಚುತ್ತಾರೆ. ಕಂಬಾರರಲ್ಲಿ ಅದು ಕಥೆಯ ಬಂಡಿಯನ್ನು ಎಳೆಯುವ ಎತ್ತು. ಬೇಂದ್ರೆಯವರ ಧ್ವನಿಮುದ್ರಣದಲ್ಲಿ ಕೇಳುಗ ನಿಂತು ಯೋಚಿಸುತ್ತಾನೆ, ಕಂಬಾರರದರಲ್ಲಿ ಮುಂದೇನಾಯಿತು ಎಂದು ಬೆನ್ನು ಹತ್ತುತ್ತಾನೆ.

ಧ್ವನಿಮುದ್ರಣದ ಸಾಧನಗಳೂ ಕಾವ್ಯದ ಆಕಾರದ ಮೇಲೆ ಒತ್ತಡ ಹಾಕಿವೆ. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ಮೂರೂವರೆ ನಿಮಿಷದ ಹಾಡು. ಇಡೀ ರಾತ್ರಿ ನಡೆಯುವ ಆಟದಿಂದ ಒಂದು ಪಲ್ಲವಿ, ಎರಡು ನುಡಿಗಳನ್ನು ಕತ್ತರಿಸಿ ತೆಗೆದಾಗ ಉಳಿಯುವುದು ಸವಿ ಮಾತ್ರ, ಕಥೆ ಉದುರಿಹೋಗುತ್ತದೆ. ರೇಡಿಯೊದಲ್ಲಿ ಕಾಲು ಗಂಟೆ, ಅರ್ಧ ಗಂಟೆಯ ಅವಕಾಶ ಸಿಕ್ಕಿತು. 1970ರ ದಶಕದ ಕೊನೆಯಲ್ಲಿ ಬಂದ ಕ್ಯಾಸೆಟ್ಟು ಒಂದು ಬದಿಗೆ ಅರ್ಧ ಗಂಟೆಯನ್ನೇ ಕೊಟ್ಟಿತು, ಆದರೆ ಆ ಅರ್ಧ ಗಂಟೆಯನ್ನು ಮಾರುಕಟ್ಟೆ ಐದಾರು ಬಿಡಿ ಹಾಡುಗಳಿಗೆ ಹಂಚಿತು. ಕೆ.ಎಸ್. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' (1978) ಕ್ಯಾಸೆಟ್ಟಿನಿಂದ ಆರಂಭವಾದ ಭಾವಗೀತೆಯ ಅಲೆ ಹೊಸಗನ್ನಡ ಕಾವ್ಯವನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿತು. ಆ ಉಪಕಾರ ಸಣ್ಣದಲ್ಲ. ಆದರೂ ಅದರ ಚೌಕಟ್ಟು ಮೂರು ನುಡಿಯ ಚಿಕ್ಕ ಕವಿತೆಗೆ ಹೊಂದುವಂಥದು. ಕಂಬಾರರ ದೀರ್ಘ ಕಥನಗಳು ಅದರೊಳಗೆ ಹಿಡಿಸಲಿಲ್ಲ. ಜನಪ್ರಿಯ ಧ್ವನಿಮುದ್ರಿಕೆಗಳಿಗೆ ಹೋದುವು ಹೆಚ್ಚಾಗಿ ಅವರ ನಾಟಕಗಳ ಹಾಡುಗಳು ಮತ್ತು ಬಿಡಿ ಪದ್ಯಗಳು.

ಅವುಗಳಲ್ಲಿ ಎಲ್ಲರೂ ಬಲ್ಲ ಉದಾಹರಣೆ 'ಕಾಡುಕುದುರೆ'. ಕಂಬಾರರೇ ನಿರ್ದೇಶಿಸಿ ಸಂಗೀತ ಕೂಡಿಸಿದ ಈ ಹೆಸರಿನ ಚಲನಚಿತ್ರದ ಶೀರ್ಷಿಕೆ ಗೀತೆಯನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ 1978ರ ಸಾಲಿನ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಿಗ ಹಿನ್ನೆಲೆ ಗಾಯಕರೊಬ್ಬರಿಗೆ ಈ ಪ್ರಶಸ್ತಿ ಸಂದುದು ಅದೇ ಮೊದಲು. ಅದೇ ಹಾಡನ್ನು ಕವಿಯ ಬಾಯಲ್ಲೂ ಕೇಳಿ ನೋಡುವುದು ಒಳ್ಳೆಯ ಅಭ್ಯಾಸ. ಸುಬ್ಬಣ್ಣನವರ ದನಿಯಲ್ಲಿ ಸ್ವರಗಳು ತಿಳಿಯಾಗಿ, ಒಂದರ ಹಿಂದೊಂದು ಶ್ರುತಿಬದ್ಧವಾಗಿ ಬರುತ್ತವೆ. ಎತ್ತರದ ಸ್ವರದಲ್ಲಿ ಕುದುರೆಯ ನೆಗೆತವಿದೆ. ಕಂಬಾರರು ಹಾಡುವಾಗ ಧಾಟಿ ಅದೇ ಆದರೂ ಒತ್ತು ಬೇರೆ ಕಡೆ ಬೀಳುತ್ತದೆ. ಪ್ರತಿ ಗಣದ ಮೊದಲ ಅಕ್ಷರವನ್ನು ಗುದ್ದಿ ಹೇಳುತ್ತಾರೆ, ದಪ್ಪಿನ ಏಟು ಬೀಳಬೇಕಾದ ಕಡೆ ಒಂದು ಕ್ಷಣ ಬಿಡುವು ಕೊಡುತ್ತಾರೆ, ಸಾಲಿನ ಕೊನೆಯ ಸ್ವರವನ್ನು ಬೆಳಗಾವಿಯ ಆಡುನುಡಿಯಲ್ಲಿ ಬರುವಂತೆ ಮೊಟಕಾಗಿಸಿಯೋ ನೀಳವಾಗಿಸಿಯೋ ಲಯಕ್ಕೆ ಒಪ್ಪಿಸುತ್ತಾರೆ. ಗಾಯಕನದು ಹೆಚ್ಚು ಇಂಪು. ಕವಿಯದರಲ್ಲಿ ಕಾಡು ಹೆಚ್ಚು.

ಜಾನಪದ ಛಂದಸ್ಸಿನ ಒಂದು ಗುಣ ಇಲ್ಲಿ ಕೆಲಸ ಮಾಡುತ್ತದೆ. ಅಂಶಗಣದ ಹಾಡಿನಲ್ಲಿ ಅಕ್ಷರಗಳ ಕಾಲ ಹಾಡುವವನ ಕೈಯಲ್ಲಿರುತ್ತದೆ. ಗಿಡ್ಡ ಅಕ್ಷರವನ್ನು ಎಳೆದು ತಾಳ ತುಂಬಬಹುದು, ಉದ್ದದ್ದನ್ನು ಒತ್ತಿ ಕುಗ್ಗಿಸಬಹುದು. ಅಚ್ಚಿನಲ್ಲಿ ಮೂರು ಸಾಲಿನದಾಗಿ ಕಾಣುವ ತ್ರಿಪದಿ, ಹಾಡುವಾಗ ಎರಡನೆಯ ಸಾಲಿನ ಮರುಕಳಿಕೆಯಿಂದ ನಾಲ್ಕು ಸಾಲಿನದಾಗಿ ಕೇಳಿಸುವುದು ಇದೇ ಸ್ವಾತಂತ್ರ್ಯದ ಫಲ. ಕಂಬಾರರ ಪದ್ಯಗಳಲ್ಲಿ ಮಾತ್ರೆ ಎಣಿಸಿ 'ಇಲ್ಲಿ ಒಂದು ಕಡಿಮೆ, ಅಲ್ಲಿ ಎರಡು ಹೆಚ್ಚು' ಎಂದು ಗುರುತು ಹಾಕುವ ಓದುಗರಿಗೆ ಉತ್ತರ ಧ್ವನಿಮುದ್ರಣದಲ್ಲಿದೆ. ಕಡಿಮೆ ಬಿದ್ದಂತೆ ಕಾಣುವ ಮಾತ್ರೆಯನ್ನು ಎಳೆತ ತುಂಬಿರುತ್ತದೆ. ಮುಂದಿನ ಸಂಪಾದಕರು ಅವರ ಸಮಗ್ರ ಕಾವ್ಯವನ್ನು ಅಣಿಗೊಳಿಸುವಾಗ ಹಸ್ತಪ್ರತಿಯಷ್ಟೇ ಶ್ರದ್ಧೆಯಿಂದ ದನಿಯನ್ನೂ ನೋಡಬೇಕಾಗುತ್ತದೆ.

ರಂಗಭೂಮಿಯ ಮೂಲಕ ಈ ಸಂಗೀತ ಕರ್ನಾಟಕದ ಹೊರಗೂ ಹೋಯಿತು. 'ಜೋಕುಮಾರಸ್ವಾಮಿ' ನಾಟಕವನ್ನು ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನಲ್ಲಿ ಆಡಿಸಿದಾಗ, ಭಾದ್ರಪದದ ಜೋಕುಮಾರನ ಹಬ್ಬದ ಹಾಡುಗಳೂ ಸಣ್ಣಾಟದ ಮೇಳವೂ ನಗರದ ಪ್ರೇಕ್ಷಕರ ಮುಂದೆ ಬಂದವು. 'ಸಿರಿಸಂಪಿಗೆ'ಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಕಂಬಾರರು ಆ ಹೊತ್ತಿನಲ್ಲೇ ಮಹಾಕಾವ್ಯ 'ಚಕೋರಿ' (1996) ಬರೆದರು. ಸಂಗೀತದ ಮರುಳು ಹಿಡಿದ ಚಂದಮುತ್ತನೆಂಬ ಹಳ್ಳಿಯ ಹುಡುಗ ಮತ್ತು ಒಬ್ಬ ಯಕ್ಷಿಯ ಕಥೆ ಅದು. ನಾದವನ್ನು ಉಸಿರಾಗಿ ಬಳಸುತ್ತ ಬಂದ ಕವಿ ಇಲ್ಲಿ ನಾದವನ್ನೇ ವಸ್ತುವಾಗಿ ಎತ್ತಿಕೊಂಡರು. ಕಲೆಗಾಗಿ ಮನುಷ್ಯ ಎಷ್ಟು ತೆರಬೇಕು ಎಂಬ ಪ್ರಶ್ನೆ ಆ ಕಾವ್ಯವನ್ನು ಕೊನೆಯವರೆಗೂ ನಡೆಸುತ್ತದೆ. 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. 2018ರಿಂದ 2023ರವರೆಗೆ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು.

ಹಾಡಿನ ಈ ಒಲವಿಗೆ ಆಕ್ಷೇಪಗಳೂ ಬಂದಿವೆ. ಧಾಟಿಯ ಮೋಡಿ ಸಾಧಾರಣ ಸಾಲನ್ನೂ ದಾಟಿಸಿಬಿಡುತ್ತದೆ, ಕೇಳುಗ ತಲೆದೂಗುತ್ತ ಅರ್ಥವನ್ನು ಕೈಬಿಡುತ್ತಾನೆ ಎಂಬುದು ಅವುಗಳ ಸಾರ. ನಾಟಕಗಳ ಕೆಲವು ಹಾಡುಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ; ರಂಗದಿಂದ ಬಿಡಿಸಿ ಓದಿದಾಗ ಅವು ತೆಳುವಾಗಿ ಕಾಣುತ್ತವೆ. 'ಹೇಳತೇನ ಕೇಳ'ದಂಥ ಕಾವ್ಯಕ್ಕೆ ಅದು ಸಲ್ಲದು. ಅಲ್ಲಿ ಹಾಡು ಕ್ರೌರ್ಯವನ್ನು ಮೃದುಗೊಳಿಸುವುದಿಲ್ಲ. ಊರು ಹಾಳಾಗುವ ಸಂಗತಿಯನ್ನು ಕುಣಿಸುವ ಲಯದಲ್ಲಿ ಹೇಳಿದಾಗ ಕೇಳುಗನ ಕಾಲು ತಾಳ ಹಾಕುತ್ತಿರುವಾಗಲೇ ಎದೆ ನಡುಗುತ್ತದೆ. ಸಂಗ್ಯಾನ ಕೊಲೆಯನ್ನು ಹಾಡಿದ ಬೈಲಹೊಂಗಲದ ಆಟಗಾರರಿಗೆ ಈ ವಿದ್ಯೆ ಮೊದಲೇ ಗೊತ್ತಿತ್ತು.

ಕವಿಗಳ ದನಿಯನ್ನು ಕೂಡಿಡುವ ಕೆಲಸ ಹಲವು ಕಡೆ ಬಿಡಿಬಿಡಿಯಾಗಿ ನಡೆದಿದೆ. ಆಕಾಶವಾಣಿಯ ಧಾರವಾಡ, ಬೆಂಗಳೂರು, ಮೈಸೂರು ಕೇಂದ್ರಗಳ ಸಂಗ್ರಹ ಇವುಗಳಲ್ಲಿ ಹಳೆಯದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ನವದೆಹಲಿ ಕಚೇರಿಯ ಮೂಲಕ ನಡೆಸಿದ ದಕ್ಷಿಣ ಏಷ್ಯಾ ಸಾಹಿತ್ಯ ಧ್ವನಿಮುದ್ರಣ ಯೋಜನೆಯಲ್ಲಿ ಕನ್ನಡ ಲೇಖಕರ ಓದೂ ಸೇರಿದೆ. ಸಮ್ಮೇಳನ, ಉತ್ಸವಗಳಲ್ಲಿ ಸಭಿಕರು ಮೊಬೈಲಿನಲ್ಲಿ ಹಿಡಿದ ತುಣುಕುಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಅನೇಕಕ್ಕೆ ದಿನಾಂಕ, ಸ್ಥಳ, ಸಂದರ್ಭಗಳ ವಿವರವಿಲ್ಲ. ಹಾಡುಗವಿಯ ವಿಷಯದಲ್ಲಿ ಈ ಕೊರತೆ ದೊಡ್ಡದು. ಒಂದೇ ಪದ್ಯವನ್ನು ಆತ ಹತ್ತು ಸಭೆಗಳಲ್ಲಿ ಹತ್ತು ರೀತಿ ಹಾಡಿರುತ್ತಾನೆ. ಎಲ್ಲಿ ಯಾವಾಗ ಹಾಡಿದ್ದು ಎಂಬುದು ತಿಳಿದರೆ ಮಾತ್ರ ಧಾಟಿ ಬೆಳೆದ, ಬದಲಾದ ಬಗೆಯನ್ನು ಹೇಳಲು ಬರುತ್ತದೆ. ಚೌಡಿಕೆ ಮೇಳ, ಸಣ್ಣಾಟದ ತಂಡ, ಪುರವಂತರ ಒಡಪುಗಳ ತುಣುಕುಗಳದೂ ಇದೇ ಪಾಡು. ಅವುಗಳಿಗೂ ಹಾಡಿದವರ ಹೆಸರು, ಊರು, ಗುರುಪರಂಪರೆ, ಬಳಸಿದ ವಾದ್ಯ, ಹಾಡಿನ ಪೂರ್ಣ ಪಾಠಗಳನ್ನು ಜೋಡಿಸಿ ಕವಿಯ ವಾಚನಗಳ ಜೊತೆಗಿಟ್ಟರೆ, ಕಂಬಾರರ ಯಾವ ಧಾಟಿ ಯಾವ ಮೇಳದಿಂದ ಬಂತು, ಎಲ್ಲಿ ಅವರು ಅದನ್ನು ಮುರಿದು ಹೊಸದು ಕಟ್ಟಿದರು ಎಂಬುದನ್ನು ಒಂದೊಂದು ಪದ್ಯವನ್ನೇ ಹಿಡಿದು ತೋರಿಸಬಹುದು.